ಲಾರಿ ರಹದಾರಿ ಮತ್ತು ತಪಾಸಣೆಯ ಗಣಕೀಕರಣ: ಕೋಲಾರ ಗಡಿಸೀಮೆ

ಸರಕು ಹೊರುವ ಮೋಟಾರು ವಾಹನ ಯಾವ ಸೀಮೆಯಲ್ಲಿ, ಯಾವ ಷರತ್ತಿಗೆ ಒಳಪಟ್ಟು ಓಡಬಹುದೆಂದು ಸಾರಿಗೆ ಪ್ರಾಧಿಕಾರ ಕೊಡುವ ಅನುಮತಿಪತ್ರವೇ ರಹದಾರಿ. ಇಲಾಖೆಯ ಕಡತದಲ್ಲಿ ಅದು ರಹದಾರಿ, ಲಾರಿ ಸ್ಟ್ಯಾಂಡಿನಲ್ಲಿ ಪರ್ಮಿಟ್ಟು. ಪಾರಸಿ ಮೂಲದ ಈ ಮಾತಿಗೆ ಹಿಂದೆ ದಾರಿಯ ಸುಂಕ ಎಂಬ ಅರ್ಥವಿತ್ತು. ಎತ್ತಿನ ಗಾಡಿಗಳು ನಿಂತು ಸುಂಕ ತೆತ್ತು ಹೋಗುತ್ತಿದ್ದ ಕಾಲದ ನೆನಪು ಬೆಂಗಳೂರಿನ ಸುಂಕದಕಟ್ಟೆಯಂಥ ಹೆಸರುಗಳಲ್ಲಿ ಉಳಿದಿದೆ. ರಹದಾರಿ ಕೊಡುವುದು, ಶುಲ್ಕ ಕಟ್ಟಿಸಿಕೊಳ್ಳುವುದು, ದಾರಿಯಲ್ಲಿ ಪರೀಕ್ಷಿಸುವುದು, ತಪ್ಪಿಗೆ ದಂಡ ಹಾಕುವುದು ಈ ನಾಲ್ಕೂ ಕೆಲಸ ಕಳೆದ ಎರಡು ದಶಕಗಳಲ್ಲಿ ಕಾಗದದಿಂದ ಗಣಕಕ್ಕೆ ದಾಟಿವೆ. ಆ ಬದಲಾವಣೆಯನ್ನು ಈ ಲೇಖನ ಕೋಲಾರ ಜಿಲ್ಲೆಯ ಸರಕು ಸಾಗಣೆಯ ಕಡೆಯಿಂದ, ಮುಖ್ಯವಾಗಿ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯ ಕಡೆಯಿಂದ ನೋಡುತ್ತದೆ.

ಹೀಗೆ ನೋಡಲು ಕಾರಣವಿದೆ. ಕೋಲಾರ ಎರಡು ಗಡಿಗಳ ಜಿಲ್ಲೆ: ಪೂರ್ವಕ್ಕೆ ಆಂಧ್ರಪ್ರದೇಶ, ದಕ್ಷಿಣಕ್ಕೆ ತಮಿಳುನಾಡು. ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಮುಳಬಾಗಿಲು ದಾಟಿ ನಂಗಲಿಯ ಬಳಿ ಆಂಧ್ರ ಸೇರುವ ರಾಷ್ಟ್ರೀಯ ಹೆದ್ದಾರಿ 75 ಜಿಲ್ಲೆಯ ಬೆನ್ನೆಲುಬು. ಹೊಸ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗವೂ ಮಾಲೂರು, ಬಂಗಾರಪೇಟೆಗಳ ಮೂಲಕವೇ ಹಾಯುತ್ತದೆ. ಲಕ್ಕೂರು ಈ ದೊಡ್ಡ ದಾರಿಗಳ ಮೇಲಿಲ್ಲ. ಚಿಕ್ಕತಿರುಪತಿಯ ದೇವಸ್ಥಾನಕ್ಕೆ ಹೋಗುವವರು ಈ ಹೋಬಳಿಯನ್ನು ಬಲ್ಲರು. ಉಳಿದವರಿಗೆ ಇದು ಮಾಲೂರು, ಹೊಸಕೋಟೆ, ಸರ್ಜಾಪುರ, ಹೊಸೂರುಗಳ ನಡುವಿನ ಹಳ್ಳಿ ರಸ್ತೆಗಳ ಜಾಲ. ಲೋಡು ಹುಟ್ಟುವುದು ಇಂಥ ಕಡೆಯೇ: ಇಟ್ಟಿಗೆ ಗೂಡಿನಲ್ಲಿ, ಕಲ್ಲು ಕ್ವಾರಿಯಲ್ಲಿ, ಟೊಮೆಟೊ ತೋಟದಲ್ಲಿ.

ಕಾನೂನಿನ ಹಾದಿ

1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಲಾರಿಗೆ ಒಂದು ಪ್ರದೇಶದ ರಹದಾರಿ ಸಿಗುತ್ತಿತ್ತು. ಪಕ್ಕದ ರಾಜ್ಯಕ್ಕೆ ಹೋಗಬೇಕಾದರೆ ಆ ರಾಜ್ಯದ ಮರುಸಹಿ ಬೇಕಿತ್ತು. 1975ರಲ್ಲಿ ರಾಷ್ಟ್ರೀಯ ರಹದಾರಿ, ಅಂದರೆ ನ್ಯಾಷನಲ್ ಪರ್ಮಿಟ್ ಬಂತು. 1989ರ ಜುಲೈ 1ರಿಂದ ಜಾರಿಯಾದ 1988ರ ಕಾಯ್ದೆ ಇಂದಿಗೂ ಆಧಾರ. ಅದರ 66ನೇ ಕಲಮು ರಹದಾರಿ ಇಲ್ಲದೆ ಸರಕು ವಾಹನ ಓಡಿಸಬಾರದೆನ್ನುತ್ತದೆ, 79ನೇ ಕಲಮು ಸರಕು ರಹದಾರಿ ಕೊಡುವ ಕ್ರಮ ಹೇಳುತ್ತದೆ, 81ನೇ ಕಲಮಿನಂತೆ ಅದರ ಅವಧಿ ಐದು ವರ್ಷ. ಒಂದು ಪ್ರದೇಶದ ರಹದಾರಿ ಹೊರಗೆ ನಡೆಯುವ ಬಗೆಯೂ ರಾಷ್ಟ್ರೀಯ ರಹದಾರಿಯೂ 88ನೇ ಕಲಮಿನಲ್ಲಿವೆ. ಒಂದೆರಡು ಖೇಪಿಗೆ, ಹಬ್ಬ-ಸುಗ್ಗಿಯ ಒತ್ತಡಕ್ಕೆ 87ನೇ ಕಲಮಿನ ತಾತ್ಕಾಲಿಕ ರಹದಾರಿ ಇದೆ. ಅದು ನಾಲ್ಕು ತಿಂಗಳು ಮೀರುವಂತಿಲ್ಲ.

ಒಟ್ಟು ತೂಕ 3,000 ಕಿಲೊ ಮೀರದ ಸರಕು ವಾಹನಕ್ಕೆ ರಹದಾರಿಯೇ ಬೇಡ ಎಂಬ ವಿನಾಯಿತಿ 66ನೇ ಕಲಮಿನಲ್ಲೇ ಇದೆ. ಕೋಲಾರದ ರೈತನಿಗೆ ಇದು ದೊಡ್ಡ ವಿಷಯ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ತೋಟದಿಂದ ಮಂಡಿಗೆ ಟೊಮೆಟೊ ಬಾಕ್ಸು ಹೊರುವ ಕೆಲಸ ಹೆಚ್ಚುಹೆಚ್ಚಾಗಿ ಇಂಥ ಸಣ್ಣ ವಾಹನಗಳಿಗೆ ಹೋಯಿತು. ರಹದಾರಿಯ ಗಣಕ ವ್ಯವಸ್ಥೆ ಎಷ್ಟೇ ಚುರುಕಾದರೂ ಅದರೊಳಗೆ ಬಾರದ ಒಂದು ದೊಡ್ಡ ಸಾಗಣೆ ಹೀಗೆ ರಹದಾರಿಯ ಹೊರಗೇ ಇದೆ, ಕಾನೂನುಬದ್ಧವಾಗಿಯೇ ಇದೆ.

ಹಳೆಯ ನ್ಯಾಷನಲ್ ಪರ್ಮಿಟ್ಟಿನ ತೊಂದರೆ ಲಾರಿ ಮಾಲೀಕರಿಗೆ ಚೆನ್ನಾಗಿ ಗೊತ್ತು. ತವರು ರಾಜ್ಯವೂ ಸೇರಿ ನಾಲ್ಕಕ್ಕೆ ಕಡಿಮೆಯಿಲ್ಲದ ಅಕ್ಕಪಕ್ಕದ ರಾಜ್ಯಗಳನ್ನು ಆರಿಸಬೇಕಿತ್ತು. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 5,000 ರೂಪಾಯಿಯ ಸಂಯುಕ್ತ ಶುಲ್ಕವನ್ನು ಬೇರೆಬೇರೆ ಡಿಮಾಂಡ್ ಡ್ರಾಫ್ಟಿನಲ್ಲಿ ಕಟ್ಟಬೇಕಿತ್ತು. ಡ್ರಾಫ್ಟು ತಲುಪಿಲ್ಲವೆಂದು ಗಡಿಯಲ್ಲಿ ಲಾರಿ ನಿಂತರೆ ನಷ್ಟ ಲಾರಿಯದು. 2010ರ ಮೇ 8ರಿಂದ ಇದು ಬದಲಾಯಿತು. ವರ್ಷಕ್ಕೆ 15,000 ರೂಪಾಯಿ ಒಂದೇ ಶುಲ್ಕ ಕಟ್ಟಿದರೆ ಇಡೀ ದೇಶಕ್ಕೆ ಅನುಮತಿ. ತವರು ರಾಜ್ಯದ ಶುಲ್ಕ ಪ್ರತ್ಯೇಕವಾಗಿ 1,000. ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ, ಕಟ್ಟಿದ ಜಾಲತಾಣದಲ್ಲಿ ಹಣ ಕಟ್ಟುವುದು, ಒಂದೆಡೆ ಸೇರಿದ ಹಣವನ್ನು ರಾಜ್ಯಗಳಿಗೆ ಸೂತ್ರದಂತೆ ಹಂಚುವುದು. ಬಳಿಕ ಶುಲ್ಕ 16,500ಕ್ಕೆ ಏರಿತು. ನಮ್ಮ ದೇಶದ ಲಾರಿ ಸಾಗಣೆಗೆ ಗಣಕೀಕರಣ ಮಾಡಿದ ಅತಿ ದೊಡ್ಡ ಉಪಕಾರ ಯಾವುದೆಂದರೆ ಇದೇ. ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಇಲ್ಲಿ ಫಲ ಕೊಟ್ಟದ್ದು ನಿಯಮವನ್ನೇ ಸರಳ ಮಾಡಿದ ತೀರ್ಮಾನ.

ವಾಹನ ನೋಂದಣಿಗೆ ‘ವಾಹನ್’, ಚಾಲನಾ ಪರವಾನಗಿಗೆ ‘ಸಾರಥಿ’ ಎಂಬ ಎನ್‌ಐಸಿಯ ತಂತ್ರಾಂಶಗಳು ದೇಶದ ಹೆಚ್ಚಿನ ಆರ್‌ಟಿಓ ಕಚೇರಿಗಳಿಗೆ ಹರಡಿದವು. ಕೋಲಾರದ ಕೆಎ-07, ಕೆಜಿಎಫ್‌ನ ಕೆಎ-08 ಲಾರಿಗಳ ನೋಂದಣಿ, ತೆರಿಗೆ, ವಿಮೆ, ಎಫ್‌ಸಿ (ವಾಹನದ ಸುಸ್ಥಿತಿಯ ಪ್ರಮಾಣಪತ್ರ), ರಹದಾರಿ ಎಲ್ಲವೂ ಈಗ ಒಂದೇ ಸಂಖ್ಯೆಯಡಿ ಕಾಣುತ್ತವೆ. 2018ರಿಂದ ಡಿಜಿಲಾಕರ್, ಎಂ-ಪರಿವಾಹನ್‌ಗಳಲ್ಲಿ ತೋರಿಸುವ ದಾಖಲೆ ಕಾಗದದಷ್ಟೇ ಸಿಂಧು. ಅದೇ ವರ್ಷದ ನವೆಂಬರ್ ತಿದ್ದುಪಡಿಯಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರಿರಬೇಕೆಂಬ ಹಳೆಯ ಷರತ್ತು ಹೋಯಿತು, ಟೋಲ್ ಕಟ್ಟುವ ಫಾಸ್ಟ್ಯಾಗ್ ಕಡ್ಡಾಯವಾಯಿತು. ಎರಡನೆಯ ಚಾಲಕನಿದ್ದರೆ ರಾತ್ರಿಯ ದಾರಿ ಸುರಕ್ಷಿತ ಎಂಬುದು ನಿಜ. ಆದರೆ ಆ ಷರತ್ತು ಬಹುಮಟ್ಟಿಗೆ ದಾರಿಯಲ್ಲಿ ಹಣ ಕೀಳುವ ನೆಪವಾಗಿ ಉಳಿದಿತ್ತು.

ಗಡಿಯ ಗೇಟು

ನಂಗಲಿ, ಅತ್ತಿಬೆಲೆ, ಬಾಗೇಪಲ್ಲಿ ಎಂಬ ಹೆಸರುಗಳು ದಕ್ಷಿಣ ಭಾರತದ ಲಾರಿ ಚಾಲಕರ ಬಾಯಲ್ಲಿ ಊರುಗಳಿಗಿಂತ ಮೊದಲು ಚೆಕ್‌ಪೋಸ್ಟುಗಳು. ಒಂದು ಕಾಲಕ್ಕೆ ಇಲ್ಲಿ ಎರಡು ಇಲಾಖೆಗಳ ಗೇಟುಗಳಿದ್ದವು: ಸರಕಿನ ಬಿಲ್ಲು ನೋಡುವ ವಾಣಿಜ್ಯ ತೆರಿಗೆ ಇಲಾಖೆ ಮತ್ತು ವಾಹನದ ಕಾಗದ ನೋಡುವ ಸಾರಿಗೆ ಇಲಾಖೆ. ಮೊದಲನೆಯದರ ಕಥೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಪಾಲಿದೆ. ವ್ಯಾಪಾರಿ ತಾನೇ ಜಾಲತಾಣದಲ್ಲಿ ಸರಕಿನ ವಿವರ ತುಂಬಿ ಒಂದು ಸಂಖ್ಯೆ ಪಡೆಯುವ, ಆ ಸಂಖ್ಯೆಯನ್ನೇ ಗೇಟಿನಲ್ಲಿ ಹೇಳುವ ‘ಇ-ಸುಗಂ’ ಪದ್ಧತಿ ಇಲ್ಲಿ ಜಿಎಸ್‌ಟಿಗೆ ಮುಂಚೆಯೇ ನಡೆಯುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದವು. ಅದೇ ಸೆಪ್ಟೆಂಬರಿನಲ್ಲಿ ಇ-ವೇ ಬಿಲ್ ಪ್ರಯೋಗ ದೇಶದಲ್ಲಿ ಮೊದಲು ಶುರುವಾದದ್ದು ಕರ್ನಾಟಕದಲ್ಲಿ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಅದು ದೇಶಾದ್ಯಂತ ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಜಾರಿಗೆ ತಂದ ರಾಜ್ಯ ಕರ್ನಾಟಕ ಒಂದೇ.

50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. 2021ರ ಜನವರಿಯಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ. ತಾಜಾ ತರಕಾರಿ-ಹಣ್ಣಿಗೆ ಅದು ಬೇಡ. ಹಾಗಾಗಿ ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು ಎಷ್ಟು ಬೆಲೆಯದಾದರೂ ಇ-ವೇ ಬಿಲ್ಲಿಲ್ಲದೆ ಹೋಗುತ್ತವೆ. ಮಾಲೂರಿನ ಇಟ್ಟಿಗೆ, ನರಸಾಪುರದ ಕಾರ್ಖಾನೆಗಳ ಬೈಕು ಮತ್ತು ಬಿಡಿಭಾಗಗಳು ಹಾಗಲ್ಲ.

ಸಾರಿಗೆ ಇಲಾಖೆಯ ಗೇಟಿನ ವಿಚಾರ ಬೇರೆ. ಪರರಾಜ್ಯದ ವಾಹನದ ತೆರಿಗೆ, ತಾತ್ಕಾಲಿಕ ರಹದಾರಿ, ಓವರ್‌ಲೋಡ್ ಇವು ಜಿಎಸ್‌ಟಿಗೆ ಸೇರಿದವಲ್ಲ. ಈ ತೆರಿಗೆಯನ್ನೂ ಪರಿವಾಹನ್ ತಾಣದಲ್ಲಿ ಮನೆಯಿಂದಲೇ ಕಟ್ಟುವ ಏರ್ಪಾಡು ಬಂದಿದೆ. ಹಣವೂ ಕಾಗದವೂ ಗಣಕದಲ್ಲೇ ಇದ್ದ ಮೇಲೆ ಗೇಟಿಗೆ ಉಳಿಯುವ ನಿಜವಾದ ಕೆಲಸ ತೂಕ ಮತ್ತು ವಾಹನದ ಸ್ಥಿತಿ ನೋಡುವುದು. ಆದರೂ ಗೇಟಿನಲ್ಲಿ ‘ಮಾಮೂಲು’ ಎಂಬ ಮಾತು ಸತ್ತಿಲ್ಲ. ರಾಜ್ಯದ ಗಡಿ ಚೆಕ್‌ಪೋಸ್ಟುಗಳ ಮೇಲೆ ಲೋಕಾಯುಕ್ತ ಪೊಲೀಸರು ಒಂದಕ್ಕಿಂತ ಹೆಚ್ಚು ಸಲ ದಾಳಿ ನಡೆಸಿದ್ದಾರೆ.

ಈ ವಿಷಯದಲ್ಲಿ ಗುಜರಾತಿನ ಅನುಭವವನ್ನು ಬಿಟ್ಟು ಮಾತಾಡುವಂತಿಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ಅಲ್ಲಿನ ಹತ್ತು ಗಡಿ ಚೆಕ್‌ಪೋಸ್ಟುಗಳಿಗೆ ಎಲೆಕ್ಟ್ರಾನಿಕ್ ತೂಕದ ಯಂತ್ರ, ವಿಡಿಯೊ ಕ್ಯಾಮೆರಾ, ಗಣಕ ಹಾಕಿದರು. ಲಾರಿ ತೂಕದ ಕಟ್ಟೆ ಹತ್ತುತ್ತದೆ, ಕ್ಯಾಮೆರಾ ಸಂಖ್ಯೆ ಹಿಡಿಯುತ್ತದೆ, ಗಣಕ ಆ ಲಾರಿಯ ಅನುಮತಿ ತೂಕವನ್ನು ತೆಗೆದು ಹೆಚ್ಚಿನ ತೂಕಕ್ಕೆ ದಂಡ ಲೆಕ್ಕ ಹಾಕುತ್ತದೆ. ಇನ್‌ಸ್ಪೆಕ್ಟರು ಲಾರಿ ನೋಡಿ ಅಂದಾಜಿನಲ್ಲಿ ದಂಡ ಹೇಳುವ, ಚಾಲಕ ಚೌಕಾಸಿ ಮಾಡುವ ಸಂದರ್ಭವೇ ತಪ್ಪಿತು. ಎರಡು ವರ್ಷಗಳಲ್ಲಿ ವಸೂಲಿ ಸುಮಾರು ಮೂರು ಪಟ್ಟಾಯಿತು. ಅದೇ ಗುಜರಾತು 2019ರ ನವೆಂಬರ್ 20ರಂದು ತನ್ನ ಸಾರಿಗೆ ಚೆಕ್‌ಪೋಸ್ಟುಗಳನ್ನೆಲ್ಲ ಮುಚ್ಚಿತು. ಮಧ್ಯಪ್ರದೇಶ 2024ರ ಜುಲೈ 1ರಂದು ಅದೇ ದಾರಿ ಹಿಡಿಯಿತು. ಗೇಟನ್ನು ಗಣಕಕ್ಕೆ ಒಪ್ಪಿಸುವುದು ಒಂದು ಹಂತ, ಗೇಟನ್ನೇ ತೆಗೆಯುವುದು ಇನ್ನೊಂದು ಹಂತ.

ತೂಕ

ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ತೂಕ. ರಹದಾರಿ ಇಲ್ಲದ ಲಾರಿಯಿಂದ ಸರ್ಕಾರಕ್ಕೆ ನಷ್ಟ. ಮಿತಿ ಮೀರಿ ಹೊತ್ತ ಲಾರಿಯಿಂದ ರಸ್ತೆಗೂ ಎದುರು ಬರುವವನಿಗೂ ಚಾಲಕನಿಗೂ ಅಪಾಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಇಂಜಿನಿಯರುಗಳು ಕಂಡುಕೊಂಡಂತೆ, ರಸ್ತೆಗೆ ಆಗುವ ಹಾನಿ ಅಚ್ಚಿನ ಮೇಲಿನ ಭಾರದ ಸರಿಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು, ಎರಡು ಪಟ್ಟಾದರೆ ಹದಿನಾರು ಪಟ್ಟು. ರಾಷ್ಟ್ರೀಯ ಹೆದ್ದಾರಿಯ ದಪ್ಪ ಪದರ ಇದನ್ನು ಒಂದಷ್ಟು ಕಾಲ ತಾಳಿಕೊಂಡೀತು. ಟ್ರ್ಯಾಕ್ಟರು, ಬಸ್ಸಿನ ಲೆಕ್ಕದಲ್ಲಿ ಕಟ್ಟಿದ ಹೋಬಳಿ ರಸ್ತೆ ಒಂದು ಮಳೆಗಾಲವನ್ನೂ ತಾಳುವುದಿಲ್ಲ.

ಕಾಯ್ದೆಯ 113ನೇ ಕಲಮು ತೂಕದ ಮಿತಿ ಹೇಳುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ ಮಿತಿಯನ್ನೇ ಏರಿಸಿತು: ಎರಡು ಅಚ್ಚಿನ ಲಾರಿಗೆ 16.2 ಟನ್ನಿನಿಂದ 18.5 ಟನ್ನಿಗೆ, ಮೂರು ಅಚ್ಚಿನದಕ್ಕೆ 25ರಿಂದ 28.5ಕ್ಕೆ. ದಂಡ ಏರಿದ್ದು 2019ರ ತಿದ್ದುಪಡಿಯಲ್ಲಿ. 194ನೇ ಕಲಮಿನಂತೆ ಹಿಂದೆ 2,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 1,000 ಇದ್ದದ್ದು 20,000 ಮತ್ತು ಟನ್ನಿಗೆ 2,000 ಆಯಿತು. ಐದು ಟನ್ ಹೆಚ್ಚು ಹೊತ್ತರೆ 30,000. ತೂಗಿಸಲು ನಿಲ್ಲದೆ ಹೋದರೆ 40,000. ಹೆಚ್ಚಿನ ಲೋಡು ಇಳಿಸದೆ ಲಾರಿ ಬಿಡುವಂತಿಲ್ಲ. ಇಳಿಸದೆ ಬರಿ ದಂಡ ಕಟ್ಟಿಸಿಕೊಂಡು ಕಳಿಸಿದರೆ ಆ ದಂಡ ಓವರ್‌ಲೋಡಿನ ಶುಲ್ಕವಷ್ಟೇ ಆಗುತ್ತದೆ. ಹಿಂದೆ ಕೆಲವು ರಾಜ್ಯಗಳು ಮುಂಗಡ ಹಣ ಪಡೆದು ಹೆಚ್ಚು ತೂಕಕ್ಕೆ ಕಾರ್ಡು ಕೊಡುತ್ತಿದ್ದವು. ಪರಮಜಿತ್ ಭಾಸಿನ್ ಪ್ರಕರಣದಲ್ಲಿ 2005ರ ನವೆಂಬರ್ 9ರಂದು ಸುಪ್ರೀಂ ಕೋರ್ಟು ಇಂಥ ವ್ಯವಸ್ಥೆ ಕಾನೂನಿಗೆ ವಿರುದ್ಧವೆಂದು ಹೇಳಿತು.

ಹೆಚ್ಚು ಜನ ಗಮನಿಸದ ಕಲಮು 114. ಅಧಿಕಾರಿಗೆ ಓವರ್‌ಲೋಡಿನ ಸಂಶಯ ಬಂದರೆ ಲಾರಿಯನ್ನು ತೂಕದ ಯಂತ್ರಕ್ಕೆ ಒಯ್ಯಿಸಬಹುದು. ಆದರೆ ಆ ಯಂತ್ರ ಲಾರಿ ಮುಂದೆ ಸಾಗುವ ದಾರಿಯ ಯಾವುದಾದರೂ ಜಾಗದಿಂದ 10 ಕಿಲೋಮೀಟರ್ ಒಳಗೆ, ಇಲ್ಲವೇ ಸೇರಬೇಕಾದ ಊರಿನಿಂದ 20 ಕಿಲೋಮೀಟರ್ ಒಳಗೆ ಇರಬೇಕು. ಹೆದ್ದಾರಿಯಲ್ಲಿ ಇದು ಕಷ್ಟವಲ್ಲ. ಟೋಲ್ ಲೇನುಗಳಲ್ಲಿ ಲಾರಿ ನಿಲ್ಲದೆ ಉರುಳುತ್ತಿರುವಾಗಲೇ ತೂಗುವ ಪಟ್ಟಿಗಳನ್ನು ನೆಲದಲ್ಲಿ ಹುದುಗಿಸುತ್ತಾರೆ. ಒಳದಾರಿಗಳಲ್ಲಿ ಇಂಥ ಪಟ್ಟಿಯೂ ಇಲ್ಲ, ಟೋಲೂ ಇಲ್ಲ.

ಇನ್ನೂ ಒಂದು ತೊಡಕಿದೆ, ಅದು ವ್ಯಾಪಾರದ ರೂಢಿಯಲ್ಲೇ ಇದೆ. ಇಟ್ಟಿಗೆಯನ್ನು ಯಾರೂ ತೂಕದಿಂದ ಮಾರುವುದಿಲ್ಲ. ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಇಟ್ಟಿಗೆ ಸುಮಾರು ಮೂರು ಕಿಲೊ ಎಂದರೂ ಐದು ಸಾವಿರ ಇಟ್ಟಿಗೆ ಹದಿನೈದು ಟನ್. ಎರಡು ಅಚ್ಚಿನ ಲಾರಿಯ ಒಟ್ಟು ಮಿತಿಯೇ 18.5 ಟನ್, ಅದರಲ್ಲಿ ಲಾರಿಯ ಸ್ವಂತ ತೂಕವೂ ಸೇರಿದೆ. ಜಲ್ಲಿ, ಎಂ-ಸ್ಯಾಂಡು ಹಳ್ಳಿಯ ಮಟ್ಟದಲ್ಲಿ ಟಿಪ್ಪರ್ ಲೋಡಿನ ಮಾತು. ಟೊಮೆಟೊ 15 ಕಿಲೊ ಬಾಕ್ಸಿನ ಲೆಕ್ಕ. ಈ ಮೂರರಲ್ಲಿ ಬಾಕ್ಸಿನ ಲೆಕ್ಕ ಮಾತ್ರ ತೂಕವನ್ನು ತಾನಾಗಿ ಹೇಳುತ್ತದೆ. ಇ-ವೇ ಬಿಲ್ಲಿನಲ್ಲಿ ಸರಕಿನ ಬೆಲೆ, ಎಣಿಕೆ, ಲಾರಿ ಸಂಖ್ಯೆ ಇರುತ್ತವೆ. ಇಷ್ಟು ಸಾವಿರ ಇಟ್ಟಿಗೆ ಎಂದಿರುವ ಬಿಲ್ಲನ್ನು ಆ ಲಾರಿ ಹೊರಬಹುದಾದ ತೂಕದ ಜೊತೆ ಹೋಲಿಸುವ ಕೆಲಸವನ್ನು ಆ ಬಿಲ್ಲು ಮಾಡುವುದಿಲ್ಲ.

ಕಲ್ಲಿನಲ್ಲಿ ಮಾತ್ರ ವ್ಯವಸ್ಥೆ ಒಂದು ಹೆಜ್ಜೆ ಮುಂದಿದೆ. ಟೇಕಲ್ ಸುತ್ತಿನ ಕ್ವಾರಿಗಳೂ ಸೇರಿ ರಾಜ್ಯದ ಗಣಿಗಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಗಣಕ ವ್ಯವಸ್ಥೆಯಿಂದ ಖನಿಜ ಸಾಗಣೆ ಪರವಾನಗಿ ಪಡೆಯಬೇಕು. ಅದರಲ್ಲಿ ಪ್ರಮಾಣ ಟನ್ನಿನಲ್ಲಿರುತ್ತದೆ, ವಾಹನದ ಸಂಖ್ಯೆ ಇರುತ್ತದೆ. ಇದು ಬಂದದ್ದು ಸುಲಭದ ದಾರಿಯಿಂದಲ್ಲ. ಬಳ್ಳಾರಿಯ ಅದಿರು ಲಾರಿಗಳ ಕಾಲದಲ್ಲಿ ಪರವಾನಗಿ ಇಲ್ಲದೆ, ಇದ್ದದ್ದಕ್ಕಿಂತ ಹೆಚ್ಚು ಹೊತ್ತು ಬಂದರುಗಳಿಗೆ ಹೋದ ಅದಿರಿನ ಲೆಕ್ಕವನ್ನು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಜನರ ಮುಂದಿಟ್ಟಿತು. ಅದಕ್ಕೂ ಮುಂಚೆ, 2010ರಲ್ಲಿ, ಬೇಲೆಕೇರಿ ಬಂದರಿನಲ್ಲಿ ವಶಕ್ಕೆ ತೆಗೆದುಕೊಂಡಿದ್ದ ಅದಿರೇ ಕಾಣೆಯಾಗಿತ್ತು. ಕಾಗದದ ಪರವಾನಗಿಯನ್ನು ಎಷ್ಟು ಸಲ ಬೇಕಾದರೂ ತೋರಿಸಬಹುದು, ತಿದ್ದಬಹುದು ಎಂಬ ಪಾಠವನ್ನು ರಾಜ್ಯ ಅಲ್ಲಿ ಕಲಿಯಿತು. ಮಾಲೂರು ಸೀಮೆಯ ಹಳೆಯ ಪಿಡುಗಾದ ಫಿಲ್ಟರ್ ಮರಳಿಗೆ ಮಾತ್ರ ಈ ವ್ಯವಸ್ಥೆ ತಾಗುವುದಿಲ್ಲ. ಕೆರೆಯಂಗಳದ, ಹೊಲದ ಮಣ್ಣು ತೊಳೆದು ಮಾಡುವ ಆ ಮರಳಿಗೆ ಪರವಾನಗಿಯೇ ಸಿಗುವುದಿಲ್ಲ, ಅದನ್ನು ರಾತ್ರಿ ಹೊರುವ ಟ್ರ್ಯಾಕ್ಟರನ್ನು ಹಿಡಿಯಲು ಮನುಷ್ಯರೇ ಬೇಕು.

ಕ್ಯಾಮೆರಾ, ಟ್ಯಾಗು, ಟ್ರ್ಯಾಕರು

2019ರಲ್ಲಿ ಕಾಯ್ದೆಗೆ ಸೇರಿದ 136ಎ ಕಲಮು ಎಲೆಕ್ಟ್ರಾನಿಕ್ ನಿಗಾಗೆ ದಾರಿ ಮಾಡಿತು. 2021ರ ಆಗಸ್ಟಿನ 167ಎ ನಿಯಮ ಅದರ ಕ್ರಮ ಹೇಳಿತು: ಯಂತ್ರಕ್ಕೆ ಪ್ರಮಾಣಪತ್ರ ಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಕ್ಯಾಮೆರಾ ಇದೆಯೆಂಬ ಫಲಕ ಇರಬೇಕು, ತಪ್ಪು ನಡೆದ 15 ದಿನದೊಳಗೆ ನೋಟಿಸು ಹೋಗಬೇಕು. ಮಿತಿ ಮೀರಿದ ತೂಕವೂ ಆ ಪಟ್ಟಿಯಲ್ಲಿದೆ. ಒಡಿಶಾ, ಬಿಹಾರದಲ್ಲಿ ಟೋಲ್ ದಾಟುವ ವಾಹನದ ಫಾಸ್ಟ್ಯಾಗ್ ಮಾಹಿತಿಯನ್ನು ‘ವಾಹನ್’ ದಾಖಲೆಗೆ ಹೋಲಿಸಿ, ವಿಮೆ, ಎಫ್‌ಸಿ, ಹೊಗೆ ತಪಾಸಣೆ ಮುಗಿದಿದ್ದರೆ ತಾನಾಗಿ ಚಲನ್ ಕಳಿಸುವ ‘ಇ-ಡಿಟೆಕ್ಷನ್’ ಜಾರಿಗೆ ಬಂದಿದೆ.

ಇದೆಲ್ಲ ನಂಬರ್ ಪ್ಲೇಟು ಓದಲು ಬಂದರೆ ಮಾತ್ರ. ಕಾನೂನು ಕೇಳುವುದು ಇಂಗ್ಲಿಷ್ ಅಕ್ಷರ ಮತ್ತು ಅಂತರರಾಷ್ಟ್ರೀಯ ಅಂಕಿ. ಕೆಸರು ಮೆತ್ತಿದ ಟಿಪ್ಪರ್ ಪ್ಲೇಟನ್ನು ಯಾವ ಕ್ಯಾಮೆರಾವೂ ಓದಲಾರದು. ಕರ್ನಾಟಕ 2023ರ ಆಗಸ್ಟಿನಲ್ಲಿ ಹಳೆಯ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯ ಮಾಡಿ, ಬಳಿಕ ಗಡುವನ್ನು ಹಲವು ಸಲ ಮುಂದಕ್ಕೆ ಹಾಕಿತು. 2023ರ ಕೊನೆಯಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಗಳಿಗೂ ಸ್ಥಳ ತಿಳಿಸುವ ಟ್ರ್ಯಾಕರ್ ಅಳವಡಿಸಲು ಹೇಳಿ, ಜಿಎಸ್‌ಟಿ ಬಿಟ್ಟು 7,599 ರೂಪಾಯಿ ದರ ಗೊತ್ತುಮಾಡಿತು. ಒಂದೇ ಲಾರಿಯ ಮಾಲೀಕನಿಗೆ ಟ್ಯಾಗು, ಫಲಕ, ಟ್ರ್ಯಾಕರು ಒಂದರ ಮೇಲೊಂದು ಬರುವ ಖರ್ಚು. ಅದಕ್ಕೆ ಪ್ರತಿಯಾಗಿ ದಾರಿಯಲ್ಲಿ ನಿಲ್ಲಿಸುವುದು ಕಡಿಮೆಯಾಗಬೇಕೆಂದು ಅವನು ಕೇಳಿದರೆ ಅದು ನ್ಯಾಯ.

ಟ್ರ್ಯಾಕರಿನ ಮಿತಿಯೂ ಗೊತ್ತಿರಲಿ. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದ್ದಾಗ ಕೋಲಾರದಿಂದ ಜೈಪುರಕ್ಕೆ ಹೊರಟ, ಸುಮಾರು 21 ಲಕ್ಷ ರೂಪಾಯಿಯ ಟೊಮೆಟೊ ಇದ್ದ ಲಾರಿಯೊಂದು ದಾರಿಯಲ್ಲಿ ಕಾಣೆಯಾಯಿತೆಂದು ಪೊಲೀಸ್ ದೂರು ದಾಖಲಾಗಿ ದೇಶವೆಲ್ಲ ಸುದ್ದಿಯಾಯಿತು. ಇಂಥ ಸಂದರ್ಭದಲ್ಲಿ ಲಾರಿ ಎಲ್ಲಿದೆಯೆಂದು ಯಂತ್ರ ಹೇಳಬಲ್ಲದು. ಲೋಡು ಎಲ್ಲಿ ಇಳಿಯಿತೆಂದು ಹೇಳಲಾರದು.

ಲೋಡಿನ ಬಾಯಲ್ಲಿ

ಒಂದೇ ಲಾರಿಯ ಬಗ್ಗೆ ಇಂದು ನಾಲ್ಕು ದಫ್ತರಗಳಿವೆ. ಎಷ್ಟು ಹೊರಬಹುದೆಂದು ‘ವಾಹನ್’ ಬಲ್ಲದು. ಏನು ಹೊತ್ತಿದೆಯೆಂದು ಇ-ವೇ ಬಿಲ್ ಬಲ್ಲದು. ಕಲ್ಲಾದರೆ ಎಷ್ಟು ಟನ್ನಿಗೆ ಅನುಮತಿಯೆಂದು ಗಣಿ ಇಲಾಖೆ ಬಲ್ಲದು. ನಿಜವಾಗಿ ಎಷ್ಟು ಹೊತ್ತಿದೆಯೆಂದು ಟೋಲಿನ ತೂಕದ ಪಟ್ಟಿ ಬಲ್ಲದು. ಗುಜರಾತಿನ ಗೇಟು ಇಪ್ಪತ್ತೈದು ವರ್ಷದ ಹಿಂದೆ ಮಾಡಿದ ಕೆಲಸ ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಒಂದೆಡೆ ತಂದದ್ದೇ. ನಾಲ್ಕನ್ನೂ ಲೋಡು ತುಂಬುವ ಜಾಗದಲ್ಲಿ ಸೇರಿಸಿದರೆ ಹೆದ್ದಾರಿಯಲ್ಲಿ ಹಿಡಿಯುವ ಕೆಲಸ ಬಹಳಷ್ಟು ಕಡಿಮೆಯಾಗುತ್ತದೆ. ಇಟ್ಟಿಗೆಯ ಬಿಲ್ಲಿನಲ್ಲಿ ಎಣಿಕೆಯ ಪಕ್ಕ ತೂಕವನ್ನೂ ತುಂಬಿಸಿ, ಆ ಲಾರಿಯ ಮಿತಿ ಮೀರಿದರೆ ಬಿಲ್ಲೇ ಹುಟ್ಟದಂತೆ ಮಾಡುವುದಕ್ಕೆ ಹೊಸ ಯಂತ್ರ ಬೇಕಾಗಿಲ್ಲ.

ಹೊಣೆಯ ಪ್ರಶ್ನೆಗೂ ಇದೇ ಉತ್ತರ. 194ನೇ ಕಲಮು ಓಡಿಸುವವನನ್ನು ಮಾತ್ರವಲ್ಲ, ಓಡಿಸುವಂತೆ ಮಾಡಿದವನನ್ನೂ ಓಡಿಸಲು ಬಿಟ್ಟವನನ್ನೂ ಹೆಸರಿಸುತ್ತದೆ. ಆದರೂ ರಸ್ತೆಬದಿಯ ತಪಾಸಣೆಯಲ್ಲಿ ಎದುರಿಗೆ ಸಿಗುವವನು ಚಾಲಕ ಒಬ್ಬನೇ. ಎಷ್ಟು ತುಂಬಬೇಕೆಂದು ನಿರ್ಧರಿಸಿದವನು ಅವನಲ್ಲ. ಗೂಡಿನಲ್ಲಿ, ಕ್ರಷರಿನಲ್ಲಿ ಆದ ತೂಕದ ದಾಖಲೆ ಇದ್ದರೆ ದಂಡ ನಿಜವಾದ ಹೊಣೆಗಾರನಿಗೆ ತಲುಪಬಹುದು.

2025ರ ಏಪ್ರಿಲ್ ಮಧ್ಯದಲ್ಲಿ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಡೀಸೆಲ್ ದರ, ಟೋಲ್ ಹೊರೆಗಳ ಜೊತೆ ಗಡಿ ಆರ್‌ಟಿಓ ಚೆಕ್‌ಪೋಸ್ಟುಗಳನ್ನು ತೆಗೆಯಬೇಕೆಂಬ ಬೇಡಿಕೆಯೂ ಇತ್ತು. ಆ ಬೇಡಿಕೆ ಒಪ್ಪತಕ್ಕದ್ದು. ಅದರ ಜೊತೆಗೇ, ಗೇಟಿನ ಸಿಬ್ಬಂದಿಯನ್ನು ಜೀಪಿನಲ್ಲಿ ಒಯ್ಯಬಹುದಾದ ಅಚ್ಚುತೂಕದ ಹಲಗೆಗಳೊಂದಿಗೆ ಲಕ್ಕೂರು, ಮಾಸ್ತಿ, ಟೇಕಲ್ ಹೋಬಳಿಗಳ ರಸ್ತೆಗೆ ಕಳಿಸಬೇಕು. ಆ ಹಲಗೆಯನ್ನು ಚಕ್ರದ ಕೆಳಗಿಟ್ಟರೆ 114ನೇ ಕಲಮಿನ ಹತ್ತು ಕಿಲೋಮೀಟರಿನ ಮಾತೇ ಬರುವುದಿಲ್ಲ.